ಜನರೇಟರ್ ಮಿಸ್ ಹೊಡೆಯುತ್ತಿದ್ದರೆ ಇಂಜೆಕ್ಟರ್ ಬಿಚ್ಚುವ ಮೊದಲು ವೈರ್ ನೋಡಿ

ಮದ್ದೂರು ಕಡೆಯ ಒಂದು ಕಲ್ಯಾಣ ಮಂಟಪದಿಂದ ಫೋನ್ ಬಂದಾಗ ಸಂಜೆ ಆರೂವರೆ. ಆರತಕ್ಷತೆಗೆ ಜನ ಸೇರುವ ಹೊತ್ತು. “ಅಣ್ಣಾ, ಡಿಜಿ ಒಂದೇ ಸಮ ಒದರ್ತಾ ಐತೆ. ಎಸಿ ಹಾಕುದ್ರೆ ಲೈಟೆಲ್ಲಾ ಮಂಕಾಯ್ತವೆ. ಬೆಳಿಗ್ಗೆ ಒಬ್ರು ಬಂದು ನೋಡುದ್ರು, ನಾಕೂ ಇಂಜೆಕ್ಟರ್ ಹೋಗವೆ ಅಂದ್ರು. ಲಕ್ಷದ ಮೇಲಾಯ್ತದಂತೆ ಕಣಣ್ಣಾ” ಎಂದರು ಅಲ್ಲಿನ ಮ್ಯಾನೇಜರು.

ಹೋದೆ. ಸೆಟ್ ನಿಲ್ಲಿಸಿ, ಬ್ಯಾಟರಿ ಕಳಚಿ, ಟಾರ್ಚ್ ಹಿಡಿದು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಹೋಗುವ ವೈರಿನ ಕಟ್ಟನ್ನು ಬೆರಳಲ್ಲಿ ಸವರುತ್ತಾ ಬಂದೆ. ರಾಕರ್ ಕವರ್ ಪಕ್ಕದ ಪ್ಲಾಸ್ಟಿಕ್ ಕ್ಲಿಪ್ ಮುರಿದಿತ್ತು. ವೈರು ಅಲ್ಲಿ ಜೋತುಬಿದ್ದು ಕಬ್ಬಿಣದ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ, ಎಳ್ಳುಕಾಳಿನಷ್ಟು ಜಾಗದಲ್ಲಿ ತಾಮ್ರ ಹೊಳೆಯುತ್ತಿತ್ತು. ಒಂದಡಿ ವೈರು, ಒಂದು ಸ್ಲೀವ್, ಒಂದು ಕ್ಲಿಪ್. ಮುಕ್ಕಾಲು ಗಂಟೆಯ ಕೆಲಸ. ನಾಲ್ಕು ಇಂಜೆಕ್ಟರುಗಳೂ ಗಟ್ಟಿಯಾಗಿದ್ದವು, ಇವತ್ತಿಗೂ ಅವೇ ಓಡುತ್ತಿವೆ.

ಇಂಥವನ್ನು ಬಹಳ ಸಲ ಕಂಡಿದ್ದೇನೆ. ಆಲೆಮನೆಯವರು, ಅಕ್ಕಿ ಗಿರಣಿಯವರು, ನರ್ಸಿಂಗ್ ಹೋಮಿನವರು ಬೇಡದ ಇಂಜೆಕ್ಟರ್‌ಗೆ ದುಡ್ಡು ಸುರಿದು, ಹೊಸದು ಹಾಕಿದ ಮೇಲೂ ಅದೇ ತೊಂದರೆ ಬಂದು ತಲೆ ಮೇಲೆ ಕೈ ಹೊತ್ತು ಕೂತದ್ದುಂಟು. ಇಂಜೆಕ್ಟರ್ ಕೆಟ್ಟಿದೆ ಎಂದು ಪರದೆ ತೋರಿಸಿದರೆ ಅದರ ಅರ್ಥ, ಆ ಇಂಜೆಕ್ಟರಿನ ಸರ್ಕ್ಯೂಟ್ ಕೆಟ್ಟಿದೆ ಎಂದಷ್ಟೇ. ಸರ್ಕ್ಯೂಟ್ ಅಂದರೆ ಇಸಿಯು (ಎಂಜಿನ್ನಿನ ಎಲೆಕ್ಟ್ರಾನಿಕ್ ಮೆದುಳು) ಪಿನ್ನಿನಿಂದ ಹಿಡಿದು ವೈರು, ಕನೆಕ್ಟರ್, ಇಂಜೆಕ್ಟರಿನ ಒಳಗಿನ ಕಾಯಿಲ್, ಮತ್ತೆ ವಾಪಸ್ ಬರುವ ವೈರಿನ ತನಕ ಎಲ್ಲವೂ. ಕಾಯಿಲ್ ಅದರಲ್ಲಿ ಒಂದು ತುಂಡು, ಅದೇ ಎಲ್ಲಕ್ಕಿಂತ ದುಬಾರಿ ತುಂಡು ಕೂಡ.

ನಿಮ್ಮ ಸೆಟ್ ಯಾವ ಜಾತಿಯದು?

ಇದನ್ನು ಮೊದಲು ತಿಳಿದುಕೊಳ್ಳಿ, ಖರ್ಚಿಲ್ಲದ ಪರೀಕ್ಷೆ. ಇಂಜೆಕ್ಟರಿನ ತಲೆಗೆ, ಅಥವಾ ರಾಕರ್ ಕವರ್ ಒಳಕ್ಕೆ, ಎರಡೆರಡು ವೈರು ಹೋಗುತ್ತಿವೆಯೇ ನೋಡಿ. ಹೋಗುತ್ತಿದ್ದರೆ ಅದು ಎಲೆಕ್ಟ್ರಾನಿಕ್ ಇಂಜೆಕ್ಷನ್, ಬಹುಪಾಲು ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರಿಗೂ ಒಂದೇ ಒತ್ತಡದ ಕೊಳವೆಯಿಂದ (ರೈಲ್) ಡೀಸೆಲ್ ಹೋಗುವ ಬಗೆ. ಪಂಪಿನಿಂದ ಒಂದೊಂದು ಸಿಲಿಂಡರಿಗೂ ಉಕ್ಕಿನ ಪೈಪು ಮಾತ್ರ ಬಂದಿದ್ದು ವೈರೇ ಇಲ್ಲದಿದ್ದರೆ ಅದು ಹಳೆಯ ಮೆಕ್ಯಾನಿಕಲ್ ಇಂಜೆಕ್ಟರ್. ಅದಕ್ಕೆ ಕರೆಂಟಿನ ದೋಷ ಬರುವ ಮಾತೇ ಇಲ್ಲ. ಪಂಪಿನ ಮೇಲೆ ಒಂದು ಸ್ಟಾಪ್ ಸೊಲೆನಾಯ್ಡ್ ಅಥವಾ ಗವರ್ನರ್ ಆಕ್ಚುಯೇಟರ್ ಇದ್ದ ಮಾತ್ರಕ್ಕೆ ಗೊಂದಲ ಮಾಡಿಕೊಳ್ಳಬೇಡಿ, ಅದು ಬೇರೆ ವಿಚಾರ.

2023ರ ಜುಲೈನಿಂದ ಜಾರಿಗೆ ಬಂದ ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) 4 ಪ್ಲಸ್ ಹೊಗೆ ನಿಯಮದ ನಂತರ ಬಂದ ಸೆಟ್ಟುಗಳಲ್ಲಿ ಕಾಮನ್ ರೈಲ್ ಎಂಜಿನ್ ಹೆಚ್ಚಾಗಿದೆ. ನಮ್ಮೂರಿನ ಎಷ್ಟೋ ಒಳ್ಳೆಯ ಕೈಗಳು ಹಳೇ ಎಂಜಿನ್ ಮೇಲೆ ಪಳಗಿದವು. ಹೊಸದರ ಮೇಲೆ ಹಳೇ ಚಾಳಿ ತೋರಿಸಿದರೆ ಏನಾಗುತ್ತದೆ ಎಂಬುದನ್ನು ಈಗ ಹೇಳಿಬಿಡುತ್ತೇನೆ.

ಕೈ ಹಾಕುವ ಮುನ್ನ

ಹಳೇ ಎಂಜಿನ್ನಿನಲ್ಲಿ ಯಾವ ಸಿಲಿಂಡರ್ ಸತ್ತಿದೆ ಎಂದು ಹುಡುಕಲು ಓಡುವಾಗಲೇ ಒಂದೊಂದು ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡುತ್ತಿದ್ದೆವು. ನಾನೂ ಹಾಗೆಯೇ ಕಲಿತವನು. ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಲಾರಿ ಟೈರಿನ ಗಾಳಿ 8 ಬಾರ್ ಆಸುಪಾಸು. ರೈಲಿನಲ್ಲಿ ಡೀಸೆಲ್ 1,600 ಬಾರ್ ಅಥವಾ ಅದಕ್ಕೂ ಮೇಲೆ ಇರಬಹುದು, ಅಂದರೆ ಇನ್ನೂರು ಪಟ್ಟು. ಆ ಧಾರೆ ಕೈಗವಸನ್ನೂ ಚರ್ಮವನ್ನೂ ಸೂಜಿಯ ಹಾಗೆ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟು ಗುರುತು, ಮೊದಮೊದಲು ನೋವೂ ಅಷ್ಟಿರುವುದಿಲ್ಲ. ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ. ಬೆರಳು, ಕೈ ಕಳೆದುಕೊಳ್ಳುವುದು ಹೀಗೆಯೇ. ಡೀಸೆಲ್ ಚರ್ಮದೊಳಗೆ ಹೋಯಿತೆಂದು ಅನುಮಾನ ಬಂದರೂ ಅರಿಶಿನ ಮೆತ್ತಿ ಕೂರಬೇಡಿ. ಮಂಡ್ಯದಲ್ಲಿದ್ದರೆ ಮಿಮ್ಸ್, ಮೈಸೂರಿನಲ್ಲಿದ್ದರೆ ಕೆ.ಆರ್. ಆಸ್ಪತ್ರೆ, ಇಲ್ಲವೇ ಶಸ್ತ್ರಚಿಕಿತ್ಸೆ ಮಾಡುವ ಹತ್ತಿರದ ಯಾವುದೇ ಆಸ್ಪತ್ರೆಗೆ ಆ ಗಳಿಗೆಯಲ್ಲೇ ಹೋಗಿ, “ಒತ್ತಡದ ಡೀಸೆಲ್ ಒಳಗೆ ಹೋಗಿದೆ” ಎಂದು ಬಿಡಿಸಿ ಹೇಳಿ. ಗಾಯ ಚಿಕ್ಕದಾಗಿ ಕಾಣುವುದರಿಂದ ಈ ಮಾತು ನೀವೇ ಹೇಳಬೇಕು.

ಎರಡನೆಯದು ಆಟೋ ಮೋಡ್. ಕರೆಂಟು ಹೋದ ಕೂಡಲೇ ತಾನಾಗಿ ಸ್ಟಾರ್ಟ್ ಆಗುವ ಪ್ಯಾನೆಲ್ ಇದ್ದರೆ, ನೀವು ಫ್ಯಾನ್ ಪಕ್ಕ ಕೈ ಇಟ್ಟಿರುವಾಗಲೇ ಲೈನ್ ಹೋಗಬಹುದು. ಪ್ಯಾನೆಲ್ ಆಫ್ ಮಾಡಿ, ಎಮರ್ಜೆನ್ಸಿ ಸ್ಟಾಪ್ ಒತ್ತಿ, ಬ್ಯಾಟರಿ ಚಾರ್ಜರ್ ಆಫ್ ಮಾಡಿ, ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ. ನಾಲ್ಕನ್ನೂ ಮಾಡಿ, ಒಂದನ್ನು ನಂಬಿ ಉಳಿದದ್ದು ಬಿಡಬೇಡಿ. ಎಂಜಿನ್ ಓಡುತ್ತಿರುವಾಗ ಮಾತ್ರ ಬ್ಯಾಟರಿ ಕಳಚಕೂಡದು, ಇಸಿಯು ಸುಡುತ್ತದೆ.

ಓಡುವಾಗ ಇಂಜೆಕ್ಟರ್ ಕನೆಕ್ಟರ್‌ಗೆ ಮೀಟರ್ ಕಡ್ಡಿ ಚುಚ್ಚುವುದೂ ಬೇಡ. ಬ್ಯಾಟರಿ 12 ವೋಲ್ಟ್ ಆದರೂ ಇಂಜೆಕ್ಟರ್ ತೆರೆಯಲು ಇಸಿಯು ಒಳಗೆ ವೋಲ್ಟೇಜ್ ಏರಿಸಿಕೊಳ್ಳುತ್ತದೆ. ಕೆಲವು ಎಂಜಿನ್ನುಗಳಲ್ಲಿ 50 ವೋಲ್ಟ್, ಕೆಲವದರಲ್ಲಿ 100ರ ಹತ್ತಿರ. ಇನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಸೆಟ್ ಓಡಿಸಿ ನೋಡುವ ಕೆಲಸ ಬೇಡವೇ ಬೇಡ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಹತ್ತುವುದಿಲ್ಲ

ಎಲ್ಲ ಇಂಜೆಕ್ಟರುಗಳೂ ಒಂದೇ ದಿನ ಸಾಯುವುದಿಲ್ಲ. ಹಾಗಾಗಿ ಎಂಜಿನ್ ಪೂರ್ತಿ ಹತ್ತದಿದ್ದರೆ ಇಂಜೆಕ್ಟರ್ ಕಡೆ ತಿರುಗಿಯೂ ನೋಡಬೇಡಿ, ಅವುಗಳಿಗೆ ಅಪ್ಪಣೆ ಕೊಡುವವನನ್ನು ನೋಡಿ.

ಮೊದಲು ಬ್ಯಾಟರಿ. ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುವ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಎಂಜಿನ್ ತಿರುಗಿದರೂ ಇಸಿಯುಗೆ ಪ್ರಜ್ಞೆ ತಪ್ಪುತ್ತದೆ. 24 ವೋಲ್ಟ್ ಸೆಟ್ಟಿನಲ್ಲಿ ಇದರ ದುಪ್ಪಟ್ಟು ಲೆಕ್ಕ ಹಿಡಿಯಿರಿ. ಸೆಲ್ಫ್ ಹೊಡೆಯುತ್ತಿರುವಾಗಲೇ ಮೀಟರನ್ನು ಟರ್ಮಿನಲ್ ಕ್ಲಾಂಪಿನ ಮೇಲೆ ಒಮ್ಮೆ, ಬ್ಯಾಟರಿಯ ಸೀಸದ ಕಂಬದ ಮೇಲೆ ಒಮ್ಮೆ ಇಟ್ಟು ನೋಡಿ. ಎರಡಕ್ಕೂ ಅರ್ಧ ವೋಲ್ಟ್ ವ್ಯತ್ಯಾಸ ಬಂದರೆ ನಡುವೆ ಕಿಲುಬು ಕೂತಿದೆ. ಬಿಸಿನೀರು ಸುರಿದು, ಬ್ರಷ್ ಹೊಡೆದು, ಒಣಗಿಸಿ ಬಿಗಿ ಮಾಡಿ. ಎಷ್ಟೋ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ಇಸಿಯು ಫ್ಯೂಸ್, ಮೇನ್ ರಿಲೇ, ಎಂಜಿನ್ ಬಾಡಿಗೆ ಬಿಗಿದಿರುವ ಅರ್ಥ್ ವೈರು. ಫ್ಯೂಸನ್ನು ಕಣ್ಣಲ್ಲಿ ನೋಡಿ ಬಿಡಬೇಡಿ, ಕಿತ್ತು ಮೀಟರಿಟ್ಟು ನೋಡಿ. ಕಂಟ್ರೋಲರ್ ಪರದೆಯಲ್ಲಿ ಇಸಿಯು ಸಂಪರ್ಕವೇ ಇಲ್ಲ ಎಂಬರ್ಥದ ಸಂದೇಶ ಬಂದರೆ ತೊಂದರೆ ಇಲ್ಲೇ ಇರಬೇಕು, ಅಥವಾ ಎರಡನ್ನೂ ಜೋಡಿಸುವ ಕ್ಯಾನ್ ವೈರಿನಲ್ಲಿ. ಬ್ಯಾಟರಿ ಕಳಚಿ ಆ ಹೆಣೆದ ಎರಡು ವೈರುಗಳ ನಡುವೆ ಅಳೆದರೆ 60 ಓಂ ಹತ್ತಿರ ಬರಬೇಕು. 120 ಬಂದರೆ ಒಂದು ತುದಿ ಬಿಟ್ಟುಹೋಗಿದೆ.

ಇಷ್ಟೆಲ್ಲ ಸರಿ ಇದ್ದು, ಸೆಲ್ಫ್ ಹೊಡೆಯುವಾಗ ಪರದೆಯ ಮೇಲೆ ಆರ್‌ಪಿಎಂ ಸೊನ್ನೆಯಲ್ಲೇ ನಿಂತಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಿ. ಎಂಜಿನ್ ತಿರುಗುತ್ತಿದೆ ಎಂದೇ ಇಸಿಯುಗೆ ಗೊತ್ತಿಲ್ಲದಿದ್ದರೆ ಅದು ಇಂಜೆಕ್ಟರ್ ತೆರೆಯುವುದಾದರೂ ಹೇಗೆ? ಆರ್‌ಪಿಎಂ ಬರುತ್ತಿದೆ, ರೈಲ್ ಒತ್ತಡ ಮಾತ್ರ 200 ಬಾರ್ ಹತ್ತಿರಕ್ಕೂ ಬರುತ್ತಿಲ್ಲ ಎಂದಾದರೆ ಅದು ಡೀಸೆಲ್ ಕಡೆಯ ತೊಂದರೆ: ಫಿಲ್ಟರ್, ಗಾಳಿ, ನೀರು. ವೈರು ಹುಡುಕುವುದನ್ನು ಬಿಟ್ಟು ಅಲ್ಲಿಗೆ ಹೋಗಿ.

ಸ್ಟಾರ್ಟ್ ಆಗುತ್ತದೆ, ಆದರೆ ಒದರುತ್ತದೆ, ಲೋಡ್ ಹಿಡಿಯುವುದಿಲ್ಲ

ಒಂದೇ ಇಂಜೆಕ್ಟರಿನ ಸರ್ಕ್ಯೂಟ್ ಕೆಟ್ಟಾಗ ಜನ ಗಮನಿಸುವುದು ಇದನ್ನೇ. 50 ಹರ್ಟ್ಸ್ ಬರಲು ನಮ್ಮ ಸೆಟ್ಟುಗಳು 1,500 ಆರ್‌ಪಿಎಂನಲ್ಲಿ ಓಡುತ್ತವೆ. ಅಂದರೆ ಒಂದೊಂದು ಸಿಲಿಂಡರೂ ಸೆಕೆಂಡಿಗೆ ಹನ್ನೆರಡು ಹದಿಮೂರು ಸಲ ಉರಿಯಬೇಕು. ನಾಲ್ಕರಲ್ಲಿ ಒಂದು ಸುಮ್ಮನಾದರೆ ಲಯ ತಪ್ಪುತ್ತದೆ, ಎಂಜಿನ್ ಕುಂಟುತ್ತದೆ, ಉಳಿದ ಮೂರು ಸಿಲಿಂಡರುಗಳು ನಾಲ್ಕನೆಯದನ್ನೂ ಎಳೆಯಬೇಕು. ಲೋಡ್ ಬಿದ್ದಾಗ ಆರ್‌ಪಿಎಂ ಇಳಿಯುತ್ತದೆ, ಹರ್ಟ್ಸ್ ಇಳಿಯುತ್ತದೆ, ಅದನ್ನು ಕಂಡ ಎವಿಆರ್ (ವೋಲ್ಟೇಜನ್ನು ಹಿಡಿತದಲ್ಲಿಡುವ ಸಾಧನ) ವೋಲ್ಟೇಜನ್ನೂ ತಗ್ಗಿಸುತ್ತದೆ. ಮಂಟಪದಲ್ಲಿ ಲೈಟು ಮಂಕಾಗಿದ್ದು ಹೀಗೆ. ಅದಕ್ಕೆ ಎವಿಆರ್ ಬದಲಾಯಿಸಿದವರನ್ನೂ ನಾನು ಕಂಡಿದ್ದೇನೆ.

ಮೊದಲು ಲೋಡ್ ಇಳಿಸಿ. ಒದರುವ ಸೆಟ್ಟನ್ನು ಮದುವೆ ಮುಗಿಯಲಿ ಎಂದು ಎಳೆದಾಡಿಸಿದರೆ ಕಪ್ಲಿಂಗ್, ಮೌಂಟಿಂಗ್ ರಬ್ಬರ್ ಎರಡೂ ಹೋಗುತ್ತವೆ.

ಯಾವ ಸಿಲಿಂಡರ್ ಸತ್ತಿದೆ ಎಂದು ತಿಳಿಯಲು ಪೈಪ್ ಬಿಚ್ಚಬೇಕಿಲ್ಲ. ಸೆಟ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಂದು ನಿಮಿಷದೊಳಗೆ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒಂದೊಂದು ಕವಲಿಗೂ ದೂರದಿಂದ ಹಿಡಿಯಿರಿ. ಮೂರು ಕವಲು ಏರುತ್ತಾ ಹೋಗಿ ಒಂದು ಹಿಂದೆ ಉಳಿದರೆ ಅದೇ ಸತ್ತ ಸಿಲಿಂಡರ್. ಈ ಗನ್ ಈಗ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಕೈ ಇಟ್ಟು ನೋಡುವ ಸಾಹಸ ಬೇಡ, ಹೆಗಲ ಮೇಲಿನ ಟವೆಲ್ಲನ್ನು ತೆಗೆದಿಟ್ಟು ಹತ್ತಿರ ಹೋಗಿ.

ಸಿಲಿಂಡರ್ ಗೊತ್ತಾಯಿತು. ಇನ್ನು ಸೆಟ್ ನಿಲ್ಲಿಸಿ, ಮೇಲೆ ಹೇಳಿದಂತೆ ಎಲ್ಲವನ್ನೂ ಕಳಚಿ, ಹತ್ತು ನಿಮಿಷ ಬಿಟ್ಟು, ಆ ಇಂಜೆಕ್ಟರಿನಿಂದ ಇಸಿಯು ತನಕ ವೈರನ್ನು ಕಣ್ಣಿಂದಲೂ ಬೆರಳಿಂದಲೂ ಓದಿ. ನಾನು ನೋಡುವ ಜಾಗಗಳು ಹೀಗಿವೆ. ವೈರು ತಿರುಗುವ ಮೂಲೆಗಳು. ಕ್ಲಿಪ್ಪಿನ ಕೆಳಗೆ, ಯಾಕೆಂದರೆ ಮರಳು ಧೂಳು ಅಲ್ಲಿ ಸೇರಿಕೊಂಡು ಅರ ಹಾಕಿದಂತೆ ತೇಯುತ್ತದೆ. ಎಕ್ಸಾಸ್ಟ್ ಹತ್ತಿರ ಹಾದುಹೋಗುವ ಗೇಣುದ್ದ ಜಾಗ. ಕಪ್ಪು ಕೊಳವೆಯ ಒಳಗೆ ಏನೂ ಕಾಣದು, ಬೆರಳಿಗೆ ಮೆತ್ತಗೆ ಅಥವಾ ಗಂಟಾಗಿ ಸಿಕ್ಕಿದ ಕಡೆ ಕೊಳವೆ ಬಿಡಿಸಿ ನೋಡಿ.

ಇಲಿಯನ್ನು ಮರೆಯಬೇಡಿ. ಕಬ್ಬು ಕಟಾವಾದ ಮೇಲೆ ಗದ್ದೆಯ ಇಲಿಗಳು ಬೆಚ್ಚಗಿನ ಜಾಗ ಹುಡುಕಿಕೊಂಡು ಬರುತ್ತವೆ, ವಾರಕ್ಕೊಮ್ಮೆ ಓಡುವ ಸೆಟ್ಟಿನ ಕ್ಯಾನೋಪಿ ಅವುಗಳಿಗೆ ಹೇಳಿ ಮಾಡಿಸಿದ ಮನೆ. ಪಾಂಡವಪುರದ ಹತ್ತಿರದ ಒಂದು ಆಲೆಮನೆಯಲ್ಲಿ ಕ್ಯಾನೋಪಿ ತೆಗೆದಾಗ ಎಂಜಿನ್ ಬ್ಲಾಕಿನ ಮೇಲೆ ಒಣ ಸೋಗೆಯ ಗೂಡು, ಪಕ್ಕದಲ್ಲಿ ಮೂರು ಇಂಜೆಕ್ಟರ್ ವೈರು ಹಲ್ಲಿನ ಗುರುತಿನೊಂದಿಗೆ ತುಂಡಾಗಿದ್ದವು. ಕೇಬಲ್ ಒಳಬರುವ ತೂತುಗಳಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ. ಗಾಳಿ ಒಳಹೋಗುವ ಕಿಂಡಿಯನ್ನು ಮಾತ್ರ ಮುಚ್ಚಬೇಡಿ, ಎಂಜಿನ್ ಕಾಯುತ್ತದೆ.

ಕಣ್ಣಿಗೆ ಏನೂ ಕಾಣದಿದ್ದರೆ ಕನೆಕ್ಟರ್ ತೆಗೆಯಿರಿ. ಲಾಕ್ ಒತ್ತಿ ಎಳೆಯಬೇಕು, ವೈರು ಹಿಡಿದು ಎಳೆಯಬಾರದು. ಪಿನ್ನಿನ ಮೇಲೆ ಹಸಿರು ಕಿಲುಬು, ಎಣ್ಣೆ, ಕಪ್ಪು ಸುಟ್ಟ ಗುರುತು, ಹಿಂದೆ ಸರಿದ ಪಿನ್ನು, ಇವನ್ನು ನೋಡಿ. ಕಿಲುಬಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಉಪ್ಪುಕಾಗದ ಹಾಕಿ ಉಜ್ಜಿದರೆ ಪಿನ್ನಿನ ಲೇಪನ ಹೋಗಿ ಮುಂದಿನ ಮಳೆಗಾಲಕ್ಕೆ ಮತ್ತೆ ಅಲ್ಲೇ ಬರುತ್ತೀರಿ.

ಇಲ್ಲಿ ಒಂದು ಮಾತು, ನಮ್ಮ ಕೆಲಸದವರಿಗೇ ಹೇಳುವುದು. ಹೆಣ್ಣು ಪಿನ್ನಿನೊಳಗೆ ಮೀಟರಿನ ದಪ್ಪ ಕಡ್ಡಿ ತುರುಕಬೇಡಿ. ಪಿನ್ನಿನ ಬಾಯಿ ಅಗಲವಾಗಿ ಹಿಡಿತ ತಪ್ಪುತ್ತದೆ, ಇಲ್ಲದ ದೋಷವನ್ನು ನಾವೇ ಹುಟ್ಟಿಸಿದ ಹಾಗೆ. ಅದೇ ಅಳತೆಯ ಒಂದು ಗಂಡು ಪಿನ್ನಿಗೆ ತುಂಡು ವೈರು ಕಟ್ಟಿಟ್ಟುಕೊಳ್ಳಿ. ಅದನ್ನು ಹಾಕಿ ತೆಗೆಯುವಾಗ ಸ್ವಲ್ಪ ಹಿಡಿದಂತೆ ಬರಬೇಕು. ಜಾರಿ ಬಂದರೆ ಆ ಪಿನ್ನೇ ಅಪರಾಧಿ.

ಮೀಟರ್ ಏನು ಹೇಳುತ್ತದೆ

ಕಾಮನ್ ರೈಲ್ ಇಂಜೆಕ್ಟರಿನ ಸೊಲೆನಾಯ್ಡ್ ಕಾಯಿಲ್ ಒಂದು ಓಂಗಿಂತ ಕಡಿಮೆ ಇರುತ್ತದೆ, 0.2ರಿಂದ 0.6ರ ನಡುವೆ ಬಹಳ ಸಿಗುತ್ತವೆ. ನಮ್ಮ ಜೇಬಿನ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ 0.3 ತೋರಿಸಬಹುದು! ಅದನ್ನು ಮೊದಲು ನೋಡಿಕೊಂಡು ಬಂದ ಅಂಕಿಯಿಂದ ಕಳೆಯಿರಿ. ಒಂದು ಇಂಜೆಕ್ಟರಿನ ಅಂಕಿಯನ್ನು ಮಾತ್ರ ನೋಡಿ ತೀರ್ಪು ಕೊಡಬೇಡಿ. ಎಲ್ಲವನ್ನೂ ಅಳೆದು ಪಕ್ಕಪಕ್ಕ ಬರೆಯಿರಿ. ಮೂರು ಒಂದೇ ತರಹ ಇದ್ದು ಒಂದು ಓಪನ್ ತೋರಿಸಿದರೆ ಕಾಯಿಲ್ ಕಡಿದಿದೆ. ಆಮೇಲೆ ಇಂಜೆಕ್ಟರಿನ ಒಂದೊಂದು ಪಿನ್ನಿನಿಂದ ಎಂಜಿನ್ ಬಾಡಿಗೆ ಅಳೆಯಿರಿ. ಅಲ್ಲಿ ಏನೂ ತೋರಿಸಬಾರದು. ಓಂ ಬಂದರೆ ಕಾಯಿಲ್ ಬಾಡಿಗೆ ತಗುಲಿದೆ.

ಇಂಜೆಕ್ಟರ್ ಸರಿ ಎಂದರೆ ವೈರು. ಬೀಪ್ ಶಬ್ದವನ್ನು ನಂಬಬೇಡಿ. ಇಪ್ಪತ್ತು ಎಳೆಯಲ್ಲಿ ಹತ್ತೊಂಬತ್ತು ಕಡಿದು ಒಂದೇ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಆದರೆ ಇಂಜೆಕ್ಟರ್ ತೆರೆಯುವ ಆ ಕಣ್ಣು ಮಿಟುಕಿಸುವಷ್ಟು ಹೊತ್ತಿಗೆ 20 ಆಂಪಿಯರ್ ಮೇಲೆ ಬೇಕು, ಒಂದು ಎಳೆ ಅದನ್ನು ಹೊರಲಾರದು. ಇದಕ್ಕೆ ನನ್ನ ಪರೀಕ್ಷೆ ಹೆಡ್‌ಲೈಟ್ ಬಲ್ಬು. ವೈರಿನ ಎರಡೂ ತುದಿ, ಇಸಿಯು ಕಡೆಯದೂ ಇಂಜೆಕ್ಟರ್ ಕಡೆಯದೂ, ಪೂರ್ತಿ ಕಳಚಿರಬೇಕು, ಇದು ಖಂಡಿತ. ಬೇರೊಂದು 12 ವೋಲ್ಟ್ ಬ್ಯಾಟರಿಯಿಂದ, ಫ್ಯೂಸ್ ಹಾಕಿ, ಆ ವೈರಿನ ಮೂಲಕ 55 ವ್ಯಾಟಿನ ಬಲ್ಬು ಉರಿಸಿ. ನಾಲ್ಕೂವರೆ ಆಂಪಿಯರ್ ಹರಿಯುತ್ತದೆ. ಬೆಳಕು ಪೂರ್ತಿ ಬಂದರೆ ವೈರು ಗಟ್ಟಿ, ಮಂಕಾದರೆ ಒಳಗೆ ಕಡಿದಿದೆ. ಬಲ್ಬು ಉರಿಯುತ್ತಿರುವಾಗಲೇ ವೈರನ್ನು ಗೇಣುಗೇಣಾಗಿ ಅಲುಗಾಡಿಸುತ್ತಾ ಬನ್ನಿ. ಬೆಳಕು ಮಿಣುಕಿದ ಜಾಗದಲ್ಲಿ ನಿಲ್ಲಿ.

ಇಂಜೆಕ್ಟರಿಗೆ ನೇರ ಬ್ಯಾಟರಿ ಕೊಟ್ಟು “ಟಕ್ ಅನ್ನುತ್ತಾ” ಎಂದು ನೋಡುವವರಿದ್ದಾರೆ. ಅರ್ಧ ಓಂ ಕಾಯಿಲ್ಲಿಗೆ 12 ವೋಲ್ಟ್ ನೇರ ಕೊಟ್ಟರೆ ಇಸಿಯುವಿನ ಹಿಡಿತವಿಲ್ಲದೆ ಕರೆಂಟು ನುಗ್ಗಿ ಒಳ್ಳೆಯ ಇಂಜೆಕ್ಟರೂ ಸುಡುತ್ತದೆ. ಹಾಗೆಯೇ ಒಂದು ಸಿಲಿಂಡರಿನ ಕನೆಕ್ಟರನ್ನು ಇನ್ನೊಂದಕ್ಕೆ ಹಾಕಿ ಎಂಜಿನ್ ಓಡಿಸಿ ನೋಡಬೇಡಿ, ಡೀಸೆಲ್ ತಪ್ಪು ಹೊತ್ತಿನಲ್ಲಿ ಬೀಳುತ್ತದೆ.

ಪರದೆಯ ಮೇಲೆ ಕೋಡ್ ಬಂದಿದೆ

ಎಸ್‌ಪಿಎನ್ (ದೋಷ ಯಾವ ಭಾಗದ್ದು ಎಂಬ ಅಂಕಿ) 651 ಎಂದರೆ ಒಂದನೇ ಸಿಲಿಂಡರಿನ ಇಂಜೆಕ್ಟರ್, 652 ಎರಡನೆಯದು, ಹೀಗೆ 656 ಆರನೆಯದು. ಪಕ್ಕದಲ್ಲಿರುವ ಎಫ್‌ಎಂಐ ಅಂಕಿಯೇ, ಅಂದರೆ ದೋಷ ಯಾವ ಬಗೆಯದು ಎಂಬ ಅಂಕಿಯೇ, ನಿಜವಾದ ಸುಳಿವು, ಆದರೆ ಬಹಳ ಜನ ಫೋನಿನಲ್ಲಿ ಅದನ್ನೇ ಹೇಳುವುದಿಲ್ಲ. 5 ಬಂದರೆ ಕರೆಂಟು ಹರಿಯುತ್ತಿಲ್ಲ: ವೈರು ಕಡಿದಿದೆ, ಕನೆಕ್ಟರ್ ಬಿಟ್ಟಿದೆ ಅಥವಾ ಕಾಯಿಲ್ ಓಪನ್. 6 ಬಂದರೆ ಕರೆಂಟು ಮಿತಿಮೀರಿ ಹರಿಯುತ್ತಿದೆ: ವೈರು ಬಾಡಿಗೆ ತಗುಲಿದೆ ಅಥವಾ ಎರಡು ವೈರು ಒಂದಕ್ಕೊಂದು ತಗುಲಿವೆ. 7 ಬಂದರೆ ಕರೆಂಟಿನ ಕಡೆ ಹುಡುಕಿ ಕಾಲ ಕಳೆಯಬೇಡಿ, ಅದು ಮೆಕ್ಯಾನಿಕಲ್ ಕಡೆಗೆ ಬೊಟ್ಟು ಮಾಡುವ ಕೋಡ್.

ಕೋಡನ್ನು ಅಳಿಸುವ ಮೊದಲು ಫೋಟೊ ತೆಗೆದುಕೊಳ್ಳಿ. ಒಂದನೇ ಸಿಲಿಂಡರ್ ಬಹುಪಾಲು ಫ್ಯಾನ್ ಕಡೆಯದು, ಆದರೂ ಸೆಟ್ಟಿನ ಪುಸ್ತಕದಲ್ಲಿ ಖಾತ್ರಿ ಮಾಡಿಕೊಳ್ಳಿ. ತಪ್ಪು ತುದಿಯಿಂದ ಎಣಿಸಿ ಒಳ್ಳೆಯ ಇಂಜೆಕ್ಟರ್ ಬಿಚ್ಚಿದ ಪ್ರಸಂಗಗಳಿವೆ.

ಎರಡು ಮೂರು ಸಿಲಿಂಡರಿನ ಕೋಡ್ ಒಟ್ಟಿಗೆ ಬಂದಿದೆ

ಗಾಬರಿ ಬೇಡ, ಇದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ಬಹಳ ಇಸಿಯುಗಳು ಇಂಜೆಕ್ಟರುಗಳನ್ನು ಎರಡು ಗುಂಪು ಮಾಡಿ ನಡೆಸುತ್ತವೆ. ಗುಂಪಿನ ಒಂದು ವೈರು ಬಾಡಿಗೆ ತಗುಲಿದರೆ ಇಸಿಯು ತನ್ನನ್ನು ಉಳಿಸಿಕೊಳ್ಳಲು ಆ ಗುಂಪನ್ನೇ ನಿಲ್ಲಿಸುತ್ತದೆ. ಮಂಟಪದ ಸೆಟ್ಟಿನಲ್ಲಿ ಇದ್ದದ್ದು ಎರಡು ಸಿಲಿಂಡರಿನ ಕೋಡ್, ಎರಡಕ್ಕೂ ಎಫ್‌ಎಂಐ 6. ಒದರಿದಾಗ ವೈರು ಬ್ರಾಕೆಟ್ಟಿಗೆ ತಾಗುತ್ತಿತ್ತು, ಎರಡೂ ನಿಲ್ಲುತ್ತಿದ್ದವು.

ಎಂಜಿನ್ ನಿಲ್ಲಿಸಿ ಆ ಗುಂಪಿನ ಒಂದು ಇಂಜೆಕ್ಟರ್ ಕನೆಕ್ಟರ್ ಕಳಚಿ, ತುದಿಗೆ ಟೇಪ್ ಸುತ್ತಿ, ಮತ್ತೆ ಸ್ಟಾರ್ಟ್ ಮಾಡಿ ಕೋಡ್ ನೋಡಿ. ಕಳಚಿದ್ದರ ಕೋಡ್ 5ಕ್ಕೆ ಬದಲಾಗಿ ಉಳಿದದ್ದು ಸರಿಯಾದರೆ ಕಳ್ಳ ಆ ಇಂಜೆಕ್ಟರೇ. ಏನೂ ಬದಲಾಗದಿದ್ದರೆ ಅದನ್ನು ಜೋಡಿಸಿ ಮುಂದಿನದು. ಎಲ್ಲವನ್ನೂ ಕಳಚಿ ನೋಡಿದರೂ 6 ಹೋಗದಿದ್ದರೆ ವೈರಿನಲ್ಲಿದೆ. ವೈರೂ ಗಟ್ಟಿ ಎಂದಾದರೆ ಮಾತ್ರ ಇಸಿಯು, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ತಣ್ಣಗಿದ್ದಾಗ ಸರಿ, ಅರ್ಧ ಗಂಟೆ ಓಡಿದ ಮೇಲೆ ತೊಂದರೆ

ತಣ್ಣಗಾದ ಮೇಲೆ ಅಳೆದರೆ ಎಲ್ಲವೂ ಸರಿಯಾಗಿಯೇ ಬರುತ್ತದೆ, ಅದಕ್ಕೇ ಈ ದೋಷ ತಿಂಗಳುಗಟ್ಟಲೆ ಸತಾಯಿಸುತ್ತದೆ. ಕಾದಾಗ ಕಾಯಿಲ್ಲಿನ ಒಳಗಿನ ಬಿರುಕು ಬಾಯಿ ಬಿಡುತ್ತದೆ, ಅಥವಾ ರಾಕರ್ ಕವರ್ ಒಳಗಿನ ಕನೆಕ್ಟರ್ ಸಡಿಲವಾಗುತ್ತದೆ. ಮಿಸ್ ಹೊಡೆಯುತ್ತಿರುವಾಗಲೇ ನಿಲ್ಲಿಸಿ, ಬಿಸಿ ಆರುವ ಮೊದಲೇ ಅಳೆಯಬೇಕು. ದಪ್ಪ ಕೈಗವಸು ಹಾಕಿಕೊಳ್ಳಿ. ಬಿಸಿಯಲ್ಲಿ ಕಾಯಿಲ್ಲಿನ ಓಂ ತುಸು ಏರುವುದು ಸಹಜ. ಎಲ್ಲವೂ ಒಂದೇ ಪ್ರಮಾಣದಲ್ಲಿ ಏರಿವೆಯೇ ಎಂಬುದನ್ನು ನೋಡಿ.

ಮಳೆ ಬಂದ ಮೇಲೆ, ಅಥವಾ ಸೆಟ್ ತೊಳೆದ ಮೇಲೆ

ಕನೆಕ್ಟರಿಗೆ ನೀರು ಹೊಕ್ಕಿದೆ. ಪ್ರೆಷರ್ ವಾಷ್ ಹೊಡೆದು ಹಬ್ಬಕ್ಕೆ ಸಿಂಗಾರ ಮಾಡಿದ ಮರುದಿನವೇ ಬರುವ ಫೋನಿದು. ಕಳಚಿ, ಊದಿ, ಒಣಗಿಸಿ. ಹಿಂಭಾಗದ ರಬ್ಬರ್ ಸೀಲ್ ಹರಿದಿದ್ದರೆ ಬದಲಾಯಿಸಿ. ಆಲೆಮನೆಯವರು ಇನ್ನೊಂದನ್ನು ಗಮನಿಸಬೇಕು: ಕೊಪ್ಪರಿಗೆಯ ಹಬೆ ಸೆಟ್ ಇರುವ ಕಡೆಗೆ ಬೀಸುತ್ತಿದ್ದರೆ ಪಿನ್ನಿನ ಮೇಲೆ ಅಂಟು ಪೊರೆ ಕಟ್ಟುತ್ತದೆ, ಧೂಳು ಅದಕ್ಕೆ ಮೆತ್ತಿಕೊಳ್ಳುತ್ತದೆ. ಸೆಟ್ಟಿನ ಜಾಗ ಬದಲಾಯಿಸುವುದೇ ಅದಕ್ಕೆ ಮದ್ದು.

ದಟ್ಟ ಹೊಗೆ, ಜೋರು ಬಡಿತ

ಕರೆಂಟು ಬಾರದ ಇಂಜೆಕ್ಟರ್ ಡೀಸೆಲ್ ಬಿಡುವುದಿಲ್ಲ, ಆ ಸಿಲಿಂಡರಿನಿಂದ ಹೊಗೆಯೂ ಬರುವುದಿಲ್ಲ. ಒದರುವುದರ ಜೊತೆಗೆ ಬಿಳಿ ಅಥವಾ ಕಪ್ಪು ಹೊಗೆ ಉಗುಳುತ್ತಾ ಸುತ್ತಿಗೆಯಲ್ಲಿ ಹೊಡೆದಂತೆ ಸದ್ದು ಬಂದರೆ ಇಂಜೆಕ್ಟರ್ ತೆರೆದುಕೊಂಡೇ ಉಳಿದಿರಬಹುದು. ಕೂಡಲೇ ನಿಲ್ಲಿಸಿ. ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡೋಣ ಎನ್ನಬೇಡಿ, ಪಿಸ್ಟನ್ ತೂತು ಬೀಳಲು ಹೆಚ್ಚು ಹೊತ್ತು ಬೇಡ. ಆಯಿಲ್ ಕಡ್ಡಿ ಎಳೆದು ನೋಡಿ: ಮಟ್ಟ ಏರಿದ್ದು ಡೀಸೆಲ್ ವಾಸನೆ ಇದ್ದರೆ ಆಯಿಲ್ ಬದಲಾಯಿಸದೆ ಓಡಿಸುವಂತಿಲ್ಲ.

ಅಂಗಡಿಯ ಸಣ್ಣ ಪೆಟ್ರೋಲ್ ಸೆಟ್

ಇಎಫ್‌ಐ (ಎಲೆಕ್ಟ್ರಾನಿಕ್ ಇಂಜೆಕ್ಷನ್) ಇರುವ ಪೆಟ್ರೋಲ್ ಸೆಟ್ಟುಗಳಲ್ಲಿ ಲೆಕ್ಕ ಸುಲಭ. ಕಾಯಿಲ್ ಸಾಮಾನ್ಯವಾಗಿ 10ರಿಂದ 16 ಓಂ, ಯಾವ ಮೀಟರಿನಲ್ಲೂ ಸ್ಪಷ್ಟವಾಗಿ ಸಿಗುತ್ತದೆ. ಬ್ಯಾಟರಿ ಸೊರಗಿರುವುದು, ಕನೆಕ್ಟರ್ ಕಿಲುಬು, ಇವೆರಡರಲ್ಲೇ ಹೆಚ್ಚಿನವು ಮುಗಿಯುತ್ತವೆ. ಪೆಟ್ರೋಲ್ ಆವಿ ಇರುವ ಕಡೆ ಕಿಡಿ ಹಾರಿಸುವ ಯಾವ ಪರೀಕ್ಷೆಯೂ ಬೇಡ, ಮೇಲೆ ಹೇಳಿದ ಬಲ್ಬಿನ ಪರೀಕ್ಷೆ ಕೂಡ.

ವೈರು ಸರಿ ಮಾಡುವ ಬಗೆ

ಹೊಸೆದು ಟೇಪ್ ಸುತ್ತಿದ ಜೋಡಣೆ ಎಂಜಿನ್ನಿನ ಅದುರಿಗೆ ನಿಲ್ಲದು. ಅದೇ ದಪ್ಪದ ವೈರು ತಂದು, ಸರಿಯಾದ ಕ್ರಿಂಪ್ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಎಳೆದು ಬಿಸಿ ಮಾಡಿ. ಎರಡು ವೈರು ಹೆಣೆದುಕೊಂಡಿದ್ದರೆ ಮತ್ತೆ ಹಾಗೆಯೇ ಹೆಣೆಯಿರಿ. ಮುರಿದ ಕ್ಲಿಪ್ಪಿನ ಜಾಗಕ್ಕೆ ಕ್ಲಿಪ್ಪೇ ಬರಬೇಕು, ಕಟ್ಟುತಂತಿ ಬಿಗಿದರೆ ಅದೇ ಮುಂದೆ ವೈರನ್ನು ಕೊಯ್ಯುತ್ತದೆ. ಸೆಟ್ಟಿನ ಫ್ರೇಮಿಗೆ ವೆಲ್ಡಿಂಗ್ ಮಾಡಿಸುವುದಿದ್ದರೆ ಬ್ಯಾಟರಿ ಮತ್ತು ಇಸಿಯು ಕನೆಕ್ಟರ್ ಎರಡನ್ನೂ ಕಳಚಿದ ಮೇಲೆಯೇ. ವಾರಂಟಿ ಇರುವ ಸೆಟ್ಟಿನಲ್ಲಿ ಒಂದು ವೈರನ್ನೂ ಕತ್ತರಿಸಬೇಡಿ, ಕಣ್ಣಲ್ಲಿ ನೋಡಿ ಅಲ್ಲಿಗೇ ಬಿಟ್ಟು ಕರೆ ಮಾಡಿ.

ಮಂಟಪದವರಿಗೆ ಆಷಾಢದಲ್ಲಿ ಮದುವೆ ಇರುವುದಿಲ್ಲ. ಕ್ಲಿಪ್ಪು, ಕನೆಕ್ಟರ್ ಎಲ್ಲವನ್ನೂ ಒಮ್ಮೆ ತೆರೆದು ನೋಡಿಸಲು ಅದೇ ಕಾಲ.

ಯಾವಾಗ ಕೈ ಬಿಡಬೇಕು

ಇಂಜೆಕ್ಟರನ್ನೇ ತೆಗೆಯಬೇಕು ಎಂಬ ಹಂತ ಬಂದರೆ ಸ್ಕ್ಯಾನರ್ ಇರುವವರನ್ನು ಕರೆಯಿರಿ. ಅನೇಕ ಇಂಜೆಕ್ಟರುಗಳ ತಲೆಯ ಮೇಲೆ ಒಂದು ಸಂಕೇತ ಕೆತ್ತಿರುತ್ತದೆ, ಹೊಸದು ಹಾಕಿದಾಗ ಅದನ್ನು ಇಸಿಯುಗೆ ತುಂಬಬೇಕು. ಬಿಚ್ಚಿದ ಒತ್ತಡದ ಪೈಪನ್ನು ಮತ್ತೆ ಹಾಕಬಾರದು ಎಂದು ಎಷ್ಟೋ ತಯಾರಕರು ಹೇಳುತ್ತಾರೆ, ಒಂದು ಕಣ ಮಣ್ಣು ಒಳಹೋದರೂ ಹೊಸ ಇಂಜೆಕ್ಟರ್ ಹಾಳು. ಇಸಿಯು ಮೇಲೆ ಅನುಮಾನ ಬಂದರೂ, ರೈಲಿನ ಸುತ್ತ ಡೀಸೆಲ್ ಒದ್ದೆ ಕಂಡರೂ ಅಷ್ಟೆ. ಒದ್ದೆ ಎಲ್ಲಿಂದ ಎಂದು ಬೆರಳಿಟ್ಟು ನೋಡಬೇಡಿ.

ಕರೆ ಮಾಡುವಾಗ ಎಸ್‌ಪಿಎನ್ ಮತ್ತು ಎಫ್‌ಎಂಐ ಎರಡೂ ಹೇಳಿ. ಸೆಟ್ ಎಷ್ಟು ಗಂಟೆ ಓಡಿದೆ, ತಣ್ಣಗಿದ್ದಾಗ ಬರುತ್ತದೋ ಕಾದಾಗಲೋ, ಸೆಲ್ಫ್ ಹೊಡೆಯುವಾಗ ವೋಲ್ಟ್ ಎಷ್ಟಕ್ಕೆ ಇಳಿಯಿತು, ನಾಲ್ಕೂ ಇಂಜೆಕ್ಟರಿನ ಓಂ ಎಷ್ಟು, ಇಷ್ಟು ಕೊಟ್ಟರೆ ಬರುವವರು ಸರಿಯಾದ ಸಾಮಾನಿನೊಂದಿಗೆ ಬರುತ್ತಾರೆ. ಯಾರೇ ಬಂದು ಇಂಜೆಕ್ಟರ್ ಬದಲಾಯಿಸಬೇಕು ಎಂದರೂ “ಓಂ ಎಷ್ಟು ಬಂತು, ವೈರು ಲೋಡ್ ಹಾಕಿ ನೋಡಿದ್ರಾ?” ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ, ದುಡ್ಡು ನಿಮ್ಮದು.

ಸರಿಯಾದ ಮೇಲೆ ಒಂದು ಗಂಟೆ ಲೋಡ್ ಹಾಕಿ ಓಡಿಸಿ, ಬಿಸಿಯಲ್ಲೇ ಕೋಡ್ ಮತ್ತೆ ನೋಡಿ. ಮಂಟಪದ ಸೆಟ್ಟಿನ ಕ್ಯಾನೋಪಿ ಬಾಗಿಲಿನ ಒಳಮೈಯಲ್ಲಿ ಆ ರಾತ್ರಿ ಮಾರ್ಕರಿನಲ್ಲಿ ತಾರೀಕು, ಸಿಲಿಂಡರ್ ಅಂಕಿ, ಅದರ ಮುಂದೆ ಓಂ ಬರೆದು ಬಂದಿದ್ದೆ. ಹೋದ ಆಷಾಢದಲ್ಲಿ ಹೋದಾಗ ಮ್ಯಾನೇಜರು ಅದರ ಕೆಳಗೆ ತಾವೇ ಅಳೆದ ಇನ್ನೊಂದು ಸಾಲು ಬರೆದಿದ್ದರು.